ಅಕ್ಷರ ತಿದ್ದಿಸುವ ಮೊದಲು ದನಿಗಳ ಆಟವಾಡಿಸಿ

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾಗುತ್ತಿದ್ದಂತೆ ದಿನಪತ್ರಿಕೆಯ ಮಡಿಕೆಯೊಳಗೆ ಮನೆಗೆ ಬರುವ ಕರಪತ್ರಗಳಲ್ಲಿ ಈಜು, ಚಿತ್ರಕಲೆ, ಅಬಾಕಸ್ ಶಿಬಿರಗಳ ಸಾಲಿಗೆ ಈಗ ‘ಫೋನಿಕ್ಸ್ ತರಗತಿ’ಯೂ ಸೇರಿಕೊಂಡಿದೆ. ದೊಡ್ಡ ನಗರಗಳಲ್ಲಷ್ಟೇ ಅಲ್ಲ, ತಾಲ್ಲೂಕು ಪಟ್ಟಣಗಳಲ್ಲೂ ಮೂರೂವರೆ, ನಾಲ್ಕು ವರ್ಷದ ಮಕ್ಕಳನ್ನು ಇಂಥ ತರಗತಿಗೆ ಸೇರಿಸಲು ತಂದೆ ತಾಯಂದಿರು ಮನೆ ಖರ್ಚಿನಲ್ಲಿ ಕೈ ಬಿಗಿಹಿಡಿದು ಹಣ ಹೊಂದಿಸುತ್ತಿದ್ದಾರೆ. ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ, ಆಟ ಮತ್ತು ಕಾರ್ಡುಗಳ ಮೂಲಕ ಕಲಿಸುವ ‘ನಲಿ-ಕಲಿ’ ತರಗತಿ ನಡೆಸಿ ನಿವೃತ್ತಳಾಗಿರುವ ನನಗೆ ಫೋನಿಕ್ಸ್ ವಿಧಾನದ ಮೇಲೆ ತಕರಾರಿಲ್ಲ. ದನಿಗಳ ಆಟದ ಮೂಲಕ ಓದು ಕಲಿಸುವುದೆಂದರೆ ಅದು ಇಂಗ್ಲಿಷಿಗೆ ಮಾತ್ರ ಸಂಬಂಧಿಸಿದ, ಶುಲ್ಕ ಕಟ್ಟಿ ಪಡೆಯಬೇಕಾದ ವಿದ್ಯೆ ಎಂದು ನಂಬಿ, ಅದೇ ಮನೆಯಲ್ಲಿ ಅದೇ ಮಗುವಿಗೆ ಕನ್ನಡವನ್ನು ಮಾತ್ರ ಬಳಪ ಹಿಡಿಸಿ, ತಿದ್ದಿಸಿ, ಬಾಯಿಪಾಠ ಮಾಡಿಸಿಯೇ ಕಲಿಸಬೇಕೆಂದು ಹಟ ಹಿಡಿಯುವುದರ ಬಗ್ಗೆ ನನ್ನ ತಕರಾರು.

ಫೋನಿಕ್ಸ್ ಎಂದರೆ ನಿಗೂಢವಾದುದೇನೂ ಅಲ್ಲ. ಮಾತು ದನಿಗಳಿಂದ ಆಗಿದೆ, ಬರಹದ ಒಂದೊಂದು ಗುರುತೂ ಒಂದೊಂದು ದನಿಯನ್ನು ಸೂಚಿಸುತ್ತದೆ ಎಂಬ ಗುಟ್ಟನ್ನು ಮಗುವಿಗೆ ಕ್ರಮವಾಗಿ ತೋರಿಸಿ, ಆ ದನಿಗಳನ್ನು ಕೂಡಿಸಿ ತಾನೇ ಪದ ಓದುವಂತೆ ಮಾಡುವುದಷ್ಟೇ ಅದು. ಅಮೆರಿಕದ ರಾಷ್ಟ್ರೀಯ ಓದು ಮಂಡಳಿ 2000ನೇ ಇಸವಿಯಲ್ಲಿ ನೀಡಿದ ವರದಿಯಲ್ಲಿ, ದನಿಗಳ ಅರಿವು, ದನಿ ಮತ್ತು ಅಕ್ಷರಗಳ ನಂಟು, ಸರಾಗವಾದ ಓದು, ಶಬ್ದಸಂಪತ್ತು ಹಾಗೂ ಅರ್ಥಗ್ರಹಿಕೆ ಎಂಬ ಐದೂ ಸೇರಿದಾಗಲೇ ಓದು ಕೈಗೂಡುತ್ತದೆ ಎಂದು ಹೇಳಿತು. ಇಂಗ್ಲೆಂಡಿನಲ್ಲಿ 2006ರ ಜಿಮ್ ರೋಸ್ ವರದಿಯ ನಂತರ ಈ ವಿಧಾನ ಶಾಲೆಗಳಿಗೆ ಸಾರ್ವತ್ರಿಕವಾಗಿ ಬಂತು. 2012ರಿಂದ ಅಲ್ಲಿನ ಒಂದನೇ ತರಗತಿಯ (‘ಇಯರ್ ಒನ್’) ಮಕ್ಕಳಿಗೆ 40 ಪದಗಳ ಒಂದು ಪರೀಕ್ಷೆಯಿದ್ದು, ಅದರಲ್ಲಿ ಅರ್ಧದಷ್ಟು ಅರ್ಥವೇ ಇಲ್ಲದ ಹುಸಿಪದಗಳು. ಅರ್ಥವಿರುವ ಪದವನ್ನು ಮಗು ಚಿತ್ರ ನೋಡಿಯೋ, ಹಿಂದೆ ಕಂಡ ನೆನಪಿನಿಂದಲೋ ಹೇಳಿಬಿಡಬಹುದು, ಹುಸಿಪದವನ್ನು ಮಾತ್ರ ದನಿ ಕೂಡಿಸಿಯೇ ಓದಬೇಕು ಎಂಬುದು ಅದರ ಹಿಂದಿನ ವಿಚಾರ. ಈ ಪರೀಕ್ಷೆಯ ಬಗ್ಗೆ ಅಲ್ಲಿಯೂ ವಾದ ವಿವಾದಗಳಿವೆ. ಆದರೆ ಅದರ ಹಿಂದಿರುವ ವಿವೇಕ ನಮ್ಮ ತರಗತಿಗಳಿಗೂ ಬೇಕಾದದ್ದು. ಆ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ.

ಈ ಮಾತು ಎತ್ತಿದೊಡನೆ ನನ್ನ ಸಹೋದ್ಯೋಗಿಗಳೇ ಅನೇಕರು, ‘ಕನ್ನಡ ಬರೆದಂತೆ ಓದುವ ಭಾಷೆ, ಅದಕ್ಕೆ ಇದೆಲ್ಲ ಯಾಕೆ ಬೇಕು’ ಎಂದು ಕೇಳುತ್ತಿದ್ದರು. ಕನ್ನಡದ ಬರಹ ಉಚ್ಚಾರಣೆಗೆ ಬಹಳ ನಿಷ್ಠವಾಗಿದೆ ಎಂಬುದು ನಿಜ. ಆದರೆ ನಿಷ್ಠವಾಗಿದೆ ಎಂದ ಮಾತ್ರಕ್ಕೆ ಸುಲಭವಾಗಿದೆ ಎಂದರ್ಥವಲ್ಲ. 13 ಸ್ವರ, 2 ಯೋಗವಾಹ, 34 ವ್ಯಂಜನ ಸೇರಿ 49 ಅಕ್ಷರ ಎಂದು ನಾವು ಹೇಳಿಕೊಡುತ್ತೇವೆ. ಆದರೆ ಮಗುವಿನ ಕಣ್ಣಿಗೆ ಬೀಳುವುದು ಇಷ್ಟೇ ಅಲ್ಲ. 34 ವ್ಯಂಜನಗಳಿಗೆ ಕಾಗುಣಿತದ ಎಲ್ಲ ರೂಪಗಳನ್ನು ಹಚ್ಚಿದರೆ ಐನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನಲ್ಲಿ ಮಕ್ಕಳ ನಡುವೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡ ಓದುವ ಮಕ್ಕಳಲ್ಲಿ ಅಕ್ಷರಜ್ಞಾನ ಪೂರ್ಣವಾಗಲು ಮೊದಲ ಒಂದೆರಡು ತರಗತಿಗಳು ಸಾಲುವುದಿಲ್ಲ, ಅದು ನಾಲ್ಕನೇ ತರಗತಿಯವರೆಗೂ ಚಾಚಿಕೊಳ್ಳುತ್ತದೆ ಎಂದು ತೋರಿಸಿತು. ಪದವನ್ನು ‘ಕ-ಮ-ಲ’ ಎಂದು ಬಿಡಿಸುವುದು ಮಕ್ಕಳಿಗೆ ಬೇಗ ಬರುತ್ತದೆ, ‘ಕ’ ಎಂಬುದರೊಳಗೆ ‘ಕ್’ ಮತ್ತು ‘ಅ’ ಎಂಬ ಎರಡು ದನಿಗಳಿವೆ ಎಂಬ ಅರಿವು ತಡವಾಗಿ ಮೂಡುತ್ತದೆ ಎಂಬುದೂ ಅದೇ ಅಧ್ಯಯನದಲ್ಲಿದೆ. ಮೊದಲ ವರ್ಷದೊಳಗೆ 26 ಅಕ್ಷರ ಮುಗಿಸುವ ಇಂಗ್ಲಿಷಿನ ಗಡಿಯಾರವನ್ನು ಕನ್ನಡಕ್ಕೆ ಕಟ್ಟಬಾರದು, ಇಂಗ್ಲಿಷಿನ ಫೋನಿಕ್ಸ್ ಪೆಟ್ಟಿಗೆಯನ್ನು ಹಾಗೆಯೇ ಎತ್ತಿ ತಂದು ಕನ್ನಡ ಅಕ್ಷರ ಅಂಟಿಸಿದರೂ ಆಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಬೇಕಿಲ್ಲ.

ಹಾಗಾದರೆ ಕನ್ನಡದ ಮಗುವಿಗೆ ದನಿಗಳ ಆಟ ಎಲ್ಲಿಂದ ಶುರುವಾಗಬೇಕು? ಅದು ಈಗಾಗಲೇ ಆಡುತ್ತಿರುವ ಮಾತಿನಿಂದಲೇ. ‘ಊಟಗೀಟ ಆಯ್ತಾ’, ‘ಹಾಲುಗೀಲು ಇದೆಯಾ’, ‘ಮನೆಗಿನೆ ಕಟ್ಟಿದ್ರಾ’ ಎಂದು ನಾವು ದಿನವೂ ಮಾತಾಡುತ್ತೇವೆ. ಮೂರು, ನಾಲ್ಕು ವರ್ಷದ ಮಗು ಯಾರೂ ಹೇಳಿಕೊಡದೆಯೇ ಇದನ್ನು ಕಲಿತಿರುತ್ತದೆ. ಇದರಲ್ಲಿ ಅದು ಮಾಡುವ ಕೆಲಸವನ್ನು ಸ್ವಲ್ಪ ಗಮನಿಸಿ ನೋಡಿ: ಪದದ ಮೊದಲ ಅಕ್ಷರವನ್ನು ತೆಗೆದುಹಾಕುತ್ತದೆ, ಅದರ ಜಾಗದಲ್ಲಿ ‘ಗಿ’ ಕೂರಿಸುತ್ತದೆ, ತೆಗೆದುಹಾಕಿದ ಅಕ್ಷರ ದೀರ್ಘವಾಗಿದ್ದರೆ ‘ಗೀ’ ಎಂದೂ ಹ್ರಸ್ವವಾಗಿದ್ದರೆ ‘ಗಿ’ ಎಂದೂ ಅಳತೆ ತಪ್ಪದೆ ಹೇಳುತ್ತದೆ. ಊಟಕ್ಕೆ ‘ಗಿಟ’ ಎಂದೋ ಮನೆಗೆ ‘ಗೀನೆ’ ಎಂದೋ ಯಾವ ಮಗುವೂ ಹೇಳುವುದಿಲ್ಲ. ಓದಿಗೆ ಬೇಕಾದ ದನಿಯರಿವನ್ನು ಅಳೆಯಲು ತಜ್ಞರು ಮಾಡುವ ಪರೀಕ್ಷೆಗಳಲ್ಲಿ ಕೇಳುವುದೂ ಇದನ್ನೇ: ಪದದಿಂದ ಒಂದು ದನಿ ತೆಗೆ, ಇನ್ನೊಂದನ್ನು ಇಡು. ಹ್ರಸ್ವ ದೀರ್ಘಗಳ ಭೇದ ನಮ್ಮ ಮಕ್ಕಳ ಕಿವಿಯಲ್ಲಿ ಇಷ್ಟು ಖಚಿತವಾಗಿರುವಾಗ, ಎರಡನೇ ತರಗತಿಗೆ ಬಂದ ಮೇಲೂ ಅವರು ‘ಬಾಲ’ಕ್ಕೆ ‘ಬಲ’ ಎಂದು ಬರೆಯುತ್ತಿದ್ದರೆ ಕಿವಿಯಲ್ಲಿರುವುದನ್ನು ಕಣ್ಣಿಗೆ ಜೋಡಿಸುವ ಕೆಲಸ ನಮ್ಮಿಂದ ಆಗಿಲ್ಲ ಎಂದೇ ತಿಳಿಯಬೇಕು.

‘ಅವಲಕ್ಕಿ ಪವಲಕ್ಕಿ’ ಎಂದು ಹೇಳಿಕೊಂಡು ಬೆರಳು ಮಡಿಸುವ ಆಟದಲ್ಲಿಯೂ ನಡೆಯುವುದು ‘ಅ’ ಹೋಗಿ ‘ಪ’ ಬರುವ ಇದೇ ವಿದ್ಯಮಾನ. ಸ್ವಲ್ಪ ದೊಡ್ಡ ಮಕ್ಕಳು ಹಿರಿಯರಿಗೆ ಗೊತ್ತಾಗದಂತೆ ಮಾತಾಡಲು ಬಳಸುವ ‘ಕ ಭಾಷೆ’ಯಂತೂ ಅಕ್ಷರ ಬಿಡಿಸುವ ಕಸರತ್ತೇ ಸರಿ. ‘ನೀನು ಬಾ’ ಎಂಬುದನ್ನು ‘ಕನೀಕನು ಕಬಾ’ ಎಂದು ಹೇಳಲು ಪ್ರತಿ ಅಕ್ಷರವನ್ನೂ ಬೇರೆ ಬೇರೆಯಾಗಿ ಕೇಳಿಸಿಕೊಳ್ಳಲೇಬೇಕು. ತರೀಕೆರೆ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳ ನಾಲಿಗೆ ತೊಡಕು ‘ರಿ’, ‘ರೆ’ಗಳ ನಡುವೆ ನಾಲಿಗೆಯನ್ನು ಎಡವಿಸುತ್ತದೆ, ಎಡವಿದ್ದು ಎಲ್ಲಿ ಎಂದು ಕಿವಿ ಪತ್ತೆ ಹಚ್ಚುತ್ತದೆ. ಇವೆಲ್ಲ ಹೊತ್ತು ಕಳೆಯುವ ಆಟಗಳು ಎಂದು ನಾವು ಬದಿಗಿಟ್ಟೆವು; ಈಗ ಅದೇ ಬಗೆಯ ಆಟಗಳು ಬಣ್ಣದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ವೇಷದಲ್ಲಿ ಬಂದರೆ ಹಣ ಕೊಟ್ಟು ಕೊಳ್ಳುತ್ತೇವೆ.

ಮನೆಯಲ್ಲಿ ಇದಕ್ಕೆಂದೇ ಸಮಯ ಮೀಸಲಿಡಬೇಕಾಗಿಲ್ಲ. ಸಂತೆಯಿಂದ ತಂದ ಚೀಲ ಬಿಚ್ಚುವಾಗ ಬದನೆ, ಬಾಳೆಕಾಯಿ, ಬೀಟ್‌ರೂಟ್, ಬೂದುಗುಂಬಳ, ಬೆಂಡೆ ಇವುಗಳನ್ನು ಒಂದು ಕಡೆ ಇಟ್ಟು ‘ಇವೆಲ್ಲದರ ಹೆಸರು ಹೇಳುವಾಗ ತುಟಿ ಏನು ಮಾಡುತ್ತದೆ ನೋಡು’ ಎಂದರೆ, ಪ್ರತಿಸಲವೂ ಎರಡು ತುಟಿಗಳು ಮೊದಲು ಮುಚ್ಚಿ ಆಮೇಲೆ ಬೇರೆ ಬೇರೆ ರೀತಿಯಲ್ಲಿ ತೆರೆದುಕೊಳ್ಳುವುದು ಮಗುವಿಗೆ ತಾನಾಗಿಯೇ ಕಾಣುತ್ತದೆ. ಮುಚ್ಚುವುದು ‘ಬ್’, ತೆರೆಯುವುದು ‘ಅ’, ‘ಆ’, ‘ಈ’, ‘ಊ’, ‘ಎ’. ವ್ಯಂಜನ, ಸ್ವರ, ಕಾಗುಣಿತ ಎಂಬ ಹೆಸರುಗಳೇ ಬೇಡದ ಕಾಗುಣಿತದ ಮೊದಲ ಪಾಠ ಇದು. ಬಸ್ಸಿಗೆ ಕಾಯುವಾಗ ‘ಮ’ದಿಂದ ಶುರುವಾಗುವ ತಿನ್ನುವ ವಸ್ತು ಹೇಳು ಎಂದರೆ ಮಂಡಕ್ಕಿ, ಮಜ್ಜಿಗೆ, ಮಾವಿನಕಾಯಿ ಬರುತ್ತವೆ. ಹಿಂದಿನಿಂದ ಹೇಳಿದರೂ ಅದೇ ಆಗುವ ಊರು ಯಾವುದು ಎಂದು ಕೇಳಿ ‘ಗದಗ’ ಎಂಬ ಉತ್ತರ ಬಂದಾಗ, ಕನಕ, ಜಲಜ, ಸರಸ ಎಂದು ಮಗುವೇ ಹುಡುಕತೊಡಗುತ್ತದೆ. ಹೆಸರನ್ನು ಚಪ್ಪಾಳೆ ತಟ್ಟಿ ಬಿಡಿಸುವುದು, ‘ಕಮಲದಲ್ಲಿ ಕ ಬಿಟ್ಟರೆ ಏನು ಉಳಿಯಿತು’ ಎಂದು ಕೇಳುವುದು, ಬೇಕೆಂದೇ ತಪ್ಪು ಹೇಳಿ ಮಗುವಿನಿಂದ ತಿದ್ದಿಸಿಕೊಳ್ಳುವುದು, ಇವೆಲ್ಲಕ್ಕೂ ಪುಸ್ತಕ ಬೇಡ, ಓದು ಬರಹ ಬಲ್ಲವರೇ ಬೇಕೆಂದೂ ಇಲ್ಲ. ಅಕ್ಷರ ಬಾರದ ಅಜ್ಜಿ ಈ ಆಟವನ್ನು ಯಾರಿಗೂ ಕಡಿಮೆಯಿಲ್ಲದಂತೆ ಆಡಿಸಬಲ್ಲರು.

ಇನ್ನು ಅಕ್ಷರ ತೋರಿಸುವ ಹಂತಕ್ಕೆ ಬರೋಣ. ನಮ್ಮ ವರ್ಣಮಾಲೆ ಕಂಠ, ತಾಲು, ಮೂರ್ಧ, ದಂತ, ಓಷ್ಠ ಎಂದು ಬಾಯಿಯ ಒಳಗಿನಿಂದ ತುಟಿಯವರೆಗೆ ಬರುವ, ಜಗತ್ತೇ ಮೆಚ್ಚಬೇಕಾದ ಶಾಸ್ತ್ರೀಯ ಜೋಡಣೆ. ಆದರೆ ಅದು ದನಿಗಳನ್ನು ಬಲ್ಲವರು ದನಿಗಳನ್ನು ವಿಂಗಡಿಸಿದ ಕ್ರಮವೇ ಹೊರತು ಓದು ಬಾರದ ಮಗುವಿಗೆ ಓದು ಕಲಿಸಲೆಂದು ಮಾಡಿದ ಕ್ರಮವಲ್ಲ. ‘ಕ ಖ ಗ ಘ ಙ’ ಎಂಬ ಮೊದಲ ಸಾಲನ್ನು ಪೂರ್ತಿ ಕಲಿತ ಮಗು ಅದರಿಂದ ಓದಬಹುದಾದ ಪದ ಹೆಚ್ಚೆಂದರೆ ‘ಖಗ’; ಆ ಪದ ಯಾವ ಮಗುವಿನ ಬಾಯಲ್ಲೂ ಇಲ್ಲ. ‘ಙ’ ‘ಞ’ಗಳನ್ನಂತೂ ಅದು ಪುಸ್ತಕದಲ್ಲಿ ಮತ್ತೆ ಕಾಣುವುದೇ ಅಪರೂಪ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನೊಂದಿಗೆ, ಆಂಧ್ರದ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳ ಪ್ರಯೋಗವನ್ನು ಕಣ್ಣಾರೆ ನೋಡಿ ಬಂದ ಶಿಕ್ಷಕರೇ ಕಟ್ಟಿದ ನಲಿ-ಕಲಿ ಈ ಕ್ರಮವನ್ನು ಧೈರ್ಯವಾಗಿ ಬಿಟ್ಟುಕೊಟ್ಟಿತು. ‘ರ, ಗ, ಸ, ದ, ಅ’ ಎಂದು ಶುರುಮಾಡಿ, ಆ ಐದೇ ಅಕ್ಷರಗಳಿಂದ ಸರ, ರಸ, ದರ, ಅರಸ, ಅಗಸ, ಗರಗಸ ಎಂದು ಮಗು ಮೊದಲ ತಿಂಗಳಲ್ಲೇ ಪದ ಓದುವಂತೆ ಮಾಡಿತು. ಮುಂದೆ ‘ಜ, ವ, ಮ, ಬ, ನ’ ಸೇರಿದಾಗ ವಾಕ್ಯಗಳೇ ಹುಟ್ಟುತ್ತವೆ. ಇಂಗ್ಲಿಷ್ ಫೋನಿಕ್ಸ್‌ನಲ್ಲಿ ಎಬಿಸಿಡಿ ಬಿಟ್ಟು ಎಸ್, ಎ, ಟಿ, ಐ, ಪಿ, ಎನ್ ಎಂದು ಆರಂಭಿಸುವುದು ಇದೇ ಕಾರಣಕ್ಕೆ. 2009-10ರಲ್ಲಿ ನಲಿ-ಕಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ವಿಸ್ತರಿಸಿತು. ಅಂದರೆ, ಈಗ ಕರಪತ್ರ ಹಂಚಿ ಕರೆಯುತ್ತಿರುವ ವಿದ್ಯೆಯ ತಿರುಳು ನಮ್ಮ ಹಳ್ಳಿ ಶಾಲೆಯ ಕಲಿಕಾ ಚಪ್ಪರದ ಕೆಳಗೆ ಬಹಳ ವರ್ಷಗಳಿಂದ ಶುಲ್ಕವಿಲ್ಲದೆ ಸಿಗುತ್ತಿದೆ.

ಆದರೂ ನಲಿ-ಕಲಿಯ ಬಗ್ಗೆ ಪಾಲಕರಿಂದ ನಾನು ಅತಿ ಹೆಚ್ಚು ಕೇಳಿದ ದೂರು ‘ಮಗು ಒಂದನೇ ತರಗತಿ ಮುಗಿಸುತ್ತಾ ಬಂತು, ಇನ್ನೂ ಅ ಆ ಇ ಈ ಸಾಲಾಗಿ ಹೇಳಲು ಬರುವುದಿಲ್ಲ’ ಎಂಬುದೇ. ಅದೇ ಮಗು ಎದುರಿಗಿದ್ದ ಮಿಂಚುಪಟ್ಟಿಯಲ್ಲಿ (ಫ್ಲ್ಯಾಶ್ ಕಾರ್ಡ್) ‘ಗರಗಸ’ ಎಂದು ಓದಿ ತೋರಿಸಿದರೂ ಕೆಲವರಿಗೆ ಸಮಾಧಾನವಾಗುತ್ತಿರಲಿಲ್ಲ. ಈ ಒತ್ತಡಕ್ಕೆ ಮಣಿದ ಶಾಲೆಗಳಲ್ಲಿ ಬೆಳಗ್ಗೆ ನಲಿ-ಕಲಿ, ಮಧ್ಯಾಹ್ನ ಸ್ಲೇಟಿನ ಮೇಲೆ ವರ್ಣಮಾಲೆ ಎಂಬ ಎರಡು ದಾರಿಯ ಪಾಠ ನಡೆದದ್ದೂ ಉಂಟು. ಮಗುವಿಗೆ ಎರಡೂ ದಕ್ಕದೆ ಹೋಗುವುದು ಆಗಲೇ. ವರ್ಣಮಾಲೆಯ ಕ್ರಮ ಬೇಡವೆಂದು ನಾನು ಹೇಳುತ್ತಿಲ್ಲ. ಓದು ಕುದುರಿದ ಮೇಲೆ, ಎರಡನೇ ತರಗತಿಯ ಹೊತ್ತಿಗೆ, ಅದನ್ನು ಒಂದು ಆವಿಷ್ಕಾರದಂತೆ ತೋರಿಸಬಹುದು: ‘ಕ’ದಿಂದ ‘ಮ’ದವರೆಗೆ ಹೇಳುತ್ತಾ ನಾಲಿಗೆ ಬಾಯಿಯ ಒಳಗಿನಿಂದ ಹೊರಗೆ ಹೇಗೆ ಸರಿಯುತ್ತದೆ ಎಂದು ಮಕ್ಕಳೇ ಕಂಡುಕೊಳ್ಳಲಿ, ತುಟಿಯ ಮುಂದೆ ತೆಳ್ಳಗಿನ ಕಾಗದದ ಚೂರು ಹಿಡಿದು ‘ಪ’ ಎಂದಾಗ ಅದು ಎಷ್ಟು ಅಲುಗುತ್ತದೆ, ಉಸಿರು ತುಂಬಿ ‘ಫ’ ಎಂದಾಗ ಎಷ್ಟು ಹಾರುತ್ತದೆ ಎಂದು ನೋಡಲಿ. ಅಲ್ಪಪ್ರಾಣ ಮಹಾಪ್ರಾಣಗಳ ವ್ಯಾಖ್ಯಾನವನ್ನು ಬಾಯಿಪಾಠ ಮಾಡಿದ ಮಗುವಿಗಿಂತ ಕಾಗದ ಹಾರಿಸಿದ ಮಗುವಿಗೆ ಆ ಭೇದ ಚೆನ್ನಾಗಿ ತಿಳಿದಿರುತ್ತದೆ.

ಕಾಗುಣಿತದ ವಿಷಯದಲ್ಲಿ ನಮ್ಮ ರೂಢಿ ಇನ್ನೂ ಹಳೆಯದು. ‘ಕಕ್ಕೆ ತಲಕಟ್ಟು ಕ, ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ’ ಎಂದು ರಾಗವಾಗಿ ಹಾಡಿಸುತ್ತೇವೆ. ರಾಗ ಚೆನ್ನಾಗಿಯೇ ಇದೆ, ಆದರೆ ಹಾಡುವ ಮಗುವಿನ ಗಮನವೆಲ್ಲ ಗುಡಿಸು, ಕೊಂಬು, ಏತ್ವ, ವಟ್ರಸುಳಿ ಎಂಬ ಹೆಸರುಗಳ ಮೇಲಿರುತ್ತದೆಯೇ ಹೊರತು ದನಿ ಬದಲಾದದ್ದರ ಮೇಲೆ ಇರುವುದಿಲ್ಲ. ಸಾಲನ್ನು ತಪ್ಪಿಲ್ಲದೆ ಒಪ್ಪಿಸುವ ಮಗುವಿಗೆ ನಡುವಿನ ಒಂದು ‘ಕೆ’ಯನ್ನು ತೋರಿಸಿದರೆ, ಮೊದಲಿಂದ ಗುನುಗಿಕೊಂಡು ಬಂದು ಅಲ್ಲಿ ನಿಲ್ಲುತ್ತದೆ. ಅದರ ಬದಲು ಅರ್ಥವಿರುವ ಪದಗಳಲ್ಲೇ ಕಾಗುಣಿತ ಆಡಿಸಬಹುದು. ‘ಡು’ ಎಂಬುದನ್ನು ಹಲಗೆಯ ಮೇಲೆ ಸ್ಥಿರವಾಗಿಟ್ಟು ಅದರ ಹಿಂದಿನ ‘ಕ’ವನ್ನು ಮಾತ್ರ ಬದಲಿಸುತ್ತಾ ಹೋಗಿ: ಕಡು, ಕಾಡು, ಕೂಡು, ಕೆಡು, ಕೇಡು, ಕೊಡು, ಕೋಡು. ಒಂದೇ ಗುರುತು ಬದಲಾದರೆ ಕಾಡು ಹೋಗಿ ಹಸುವಿನ ಕೋಡು ಬರುವುದನ್ನು ಕಂಡ ಮಗು ಆ ಗುರುತನ್ನು ಮರೆಯುವುದಿಲ್ಲ, ಅದರ ಹೆಸರು ಓತ್ವವೋ ಏತ್ವವೋ ಎಂಬುದು ಆಮೇಲೆ ತಿಳಿದರೂ ನಡೆಯುತ್ತದೆ. ಬಲ ಬಾಲ, ಪದ ಪಾದ, ಮರಿ ಮಾರಿ, ಇಡು ಈಡು ಇಂಥ ಜೋಡಿಗಳು ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ. ಒಂದು ಎಚ್ಚರಿಕೆ ಮಾತ್ರ ಬೇಕು: ‘ಪು’, ‘ವು’ಗಳ ಕೊಂಬು ಉಳಿದ ಅಕ್ಷರಗಳ ಕೊಂಬಿನಂತೆ ಕೂರುವುದಿಲ್ಲ, ‘ಮೊ’, ‘ಮೋ’ಗಳೂ ಸಾಲಿಗೆ ಹೊಂದುವುದಿಲ್ಲ. ಇವನ್ನು ಮೊದಲ ದಿನವೇ ತಂದು ಸುರಿಯದೆ ಹಿಂದೆ ಇಟ್ಟುಕೊಳ್ಳಬೇಕು. ಹಾಗೆಯೇ ದ, ಧ, ಥ, ಠ, ರ ಅಥವಾ ಪ, ಷ, ಫ ಇಂಥ ಒಂದೇ ಮುಖದ ಅಕ್ಷರಗಳನ್ನು ಒಂದೇ ವಾರದಲ್ಲಿ ಕಲಿಸಹೊರಡುವುದು ಮಗುವಿನ ಕಣ್ಣಿಗೆ ಅನ್ಯಾಯ.

ಮಕ್ಕಳು ನಿಜವಾಗಿ ಮುಗ್ಗರಿಸುವುದು ಒತ್ತಕ್ಷರಗಳಲ್ಲಿ, ಮತ್ತು ನಾವು ಅತಿ ಕಡಿಮೆ ವಿವರಿಸುವುದೂ ಅದನ್ನೇ. ‘ಅಕ್ಕ’ ಎಂಬುದನ್ನು ಚಪ್ಪಾಳೆ ತಟ್ಟಿ ಬಿಡಿಸು ಎಂದರೆ ಮಗು ‘ಅಕ್-ಕ’ ಎಂದು ಬಿಡಿಸುತ್ತದೆ. ಬರಹದಲ್ಲಿ ಅದು ‘ಅ-ಕ್ಕ’. ಕಿವಿಯ ಗಡಿ ಒಂದು ಕಡೆ, ಕಣ್ಣಿನ ಗಡಿ ಇನ್ನೊಂದು ಕಡೆ. ‘ಆಸ್ತಿ’ ಎಂಬಲ್ಲಿ ‘ಇ’ ದನಿ ಬರುವುದು ‘ತ’ದ ನಂತರ, ಆದರೆ ಗುಡಿಸು ಕೂರುವುದು ಮೇಲಿನ ‘ಸ’ದ ತಲೆಯ ಮೇಲೆ, ಆದ್ದರಿಂದ ಮಗು ಅದನ್ನು ‘ಆಸಿತ’ ಎಂದು ಓದಿದರೆ ಅದು ಕಲಿಸಿದ ನಿಯಮವನ್ನು ಪಾಲಿಸಿದೆ ಎಂದೇ ಅರ್ಥ. ‘ಸೂರ್ಯ’ದ ಅರ್ಕಾವೊತ್ತಿನದು ಇನ್ನೊಂದು ತಮಾಷೆ: ಮೊದಲು ಉಚ್ಚರಿಸುವ ‘ರ್’ ಅನ್ನು ಕೊನೆಯಲ್ಲಿ ಬರೆಯುತ್ತೇವೆ, ಮಗು ‘ಸೂಯರ’ ಎನ್ನುತ್ತದೆ. ‘ಬರೆದಂತೆ ಓದುವ ಭಾಷೆ’ ಎಂಬ ನಮ್ಮ ಹೆಮ್ಮೆಯ ಮಾತು ಇಲ್ಲಿ ನಿಲ್ಲುವುದಿಲ್ಲ. ಇದಕ್ಕೆ ಗದರಿಕೆ ಪರಿಹಾರವಲ್ಲ. ಅಕ್ಕ, ಅಮ್ಮ, ಅಪ್ಪ, ಅಣ್ಣ, ಬೆಲ್ಲ, ಹಲ್ಲು ಎಂದು ಮನೆಯಲ್ಲೇ ಇರುವ ಸಜಾತೀಯ ಒತ್ತುಗಳಿಂದ ಶುರುಮಾಡಿ, ಮೊದಲ ದನಿಯನ್ನು ತುಸು ಹಿಡಿದು ನಿಲ್ಲಿಸಿ ‘ಅಕ್... ಕ’ ಎಂದು ಎಳೆದು ಹೇಳಿಸಿ, ಬರಹದಲ್ಲಿ ಕೆಳಗೆ ಕೂತದ್ದು ಯಾವುದು ಎಂದು ಬೆರಳಿಟ್ಟು ತೋರಿಸಬೇಕು. ವಿಜಾತೀಯ ಒತ್ತು, ಅರ್ಕಾವೊತ್ತುಗಳಿಗೆ ಅವಸರ ಬೇಡ. ಒಂದನೇ ತರಗತಿಯ ಮಕ್ಕಳಿಗೆಂದು ಅಚ್ಚಾದ ಎಷ್ಟೋ ಕಥೆಪುಸ್ತಕಗಳಲ್ಲಿ ಮೊದಲ ಪುಟದಲ್ಲೇ ‘ದಟ್ಟಾರಣ್ಯ’, ‘ಸೌಂದರ್ಯ’ ಎಂದೆಲ್ಲ ಇರುತ್ತದೆ. ಬರೆದವರು ಮಕ್ಕಳಿಗೆ ಓದಿ ಹೇಳುವ ಪುಸ್ತಕಕ್ಕೂ ಮಕ್ಕಳೇ ಓದುವ ಪುಸ್ತಕಕ್ಕೂ ಇರುವ ವ್ಯತ್ಯಾಸವನ್ನು ಗಮನಿಸಿದಂತಿಲ್ಲ.

ದನಿ ಮತ್ತು ಅಕ್ಷರಗಳ ನಂಟು ಹೇಳಿಕೊಡುವಾಗ ಯಾರ ಮನೆಯ ದನಿ ಎಂಬ ಪ್ರಶ್ನೆಯನ್ನೂ ಮರೆಯುವಂತಿಲ್ಲ. ಹಳೆ ಮೈಸೂರು ಸೀಮೆಯ ಹಲವು ಮನೆಗಳಲ್ಲಿ ‘ಹಾಲು’ ‘ಆಲು’ ಆಗಿರುತ್ತದೆ. ಮಹಾಪ್ರಾಣಗಳು ಆಡುಮಾತಿನಲ್ಲಿ ಎಲ್ಲಿಯೂ ಅಷ್ಟಾಗಿ ಉಳಿದಿಲ್ಲ. ತುಳು, ಕೊಂಕಣಿ, ಉರ್ದು, ಲಂಬಾಣಿ, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗಂತೂ ಅಕ್ಷರದ ಜೊತೆಗೆ ಪದವೂ ಹೊಸದು. ‘ಅಗಸ’ ಎಂದರೆ ಯಾರು ಎಂದು ತಿಳಿಯದ ಮಗು ಅ, ಗ, ಸ ಕೂಡಿಸಿ ಓದಿದರೂ ಅದಕ್ಕೆ ಸಿಕ್ಕುವುದು ಬರೀ ಸದ್ದು. ಇಂಥ ಕಡೆ ಮೊದಲ ಕೆಲವು ವಾರ ಮಗುವಿನ ಮನೆಮಾತಿನ ಪದಗಳಲ್ಲೇ ದನಿಯಾಟ ನಡೆಯಲಿ. ತುಳುವಿನಲ್ಲಿ ಚಪ್ಪಾಳೆ ತಟ್ಟಿ ಪದ ಬಿಡಿಸಲು ಕಲಿತ ಮಗುವಿಗೆ ಕನ್ನಡದ ಪದ ಬಿಡಿಸುವುದನ್ನು ಮತ್ತೊಮ್ಮೆ ಕಲಿಸಬೇಕಾಗಿಲ್ಲ. ‘ಆಲು’ ಎಂದ ಮಗುವಿನ ಮಾತನ್ನು ತಪ್ಪೆಂದು ತರಗತಿಯೆದುರು ನಗೆಪಾಟಲು ಮಾಡುವ ಬದಲು, ‘ನಾವು ಮಾತಾಡುವಾಗ ಹೀಗೆ, ಬರೆಯುವಾಗ ಹೀಗೆ’ ಎಂದು ಹೇಳಿದರೆ ಐದಾರು ವರ್ಷದ ಮಗುವಿಗೂ ಅರ್ಥವಾಗುತ್ತದೆ.

ಇಂಗ್ಲಿಷಿನ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಇದೆ, ಆಂಗ್ಲ ಮಾಧ್ಯಮದ ವಿಭಾಗಗಳೂ ಹೆಚ್ಚಾಗಿವೆ. 26 ಅಕ್ಷರಗಳಿಂದ ಸುಮಾರು 44 ದನಿಗಳನ್ನು ಬರೆಯಬೇಕಾದ ಆ ಭಾಷೆಗೆ ಫೋನಿಕ್ಸ್ ಅನಿವಾರ್ಯವೇ. ‘ಸಿ ಎ ಟಿ ಕ್ಯಾಟ್’ ಎಂದು ಕೂಗಿಸುವುದರಿಂದ ಮಗುವಿಗೆ ಸಿಗುವುದು ಅಕ್ಷರದ ಹೆಸರು, ದನಿಯಲ್ಲ. ಆದರೆ ಕನ್ನಡದ ಮಗುವಿಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ನಮ್ಮ ಪದಗಳು ಬಹುಮಟ್ಟಿಗೆ ಸ್ವರದಲ್ಲಿ ಮುಗಿಯುವುದರಿಂದ ಬಸ್ ನಮಗೆ ಬಸ್ಸು, ಪೆನ್ ಪೆನ್ನು, ಕಾರ್ ಕಾರು. ‘ಕ’ ಎಂದರೆ ‘ಅ’ ಸೇರಿಯೇ ಇರುವ ‘ಕ’ ಎಂದು ಕಲಿತ ಕಿವಿಗೆ ಬರಿಯ ‘ಕ್’, ಬರಿಯ ‘ಟ್’ ಕೇಳಿಸುವುದು ಕಷ್ಟ. ಮೇಲೆ ಹೇಳಿದ ಬದನೆ, ಬೆಂಡೆ, ಬೂದುಗುಂಬಳದ ಆಟದಲ್ಲಿ ‘ಬ್’ ಅನ್ನು ಬೇರ್ಪಡಿಸಿ ಕೇಳಿಸಿಕೊಂಡ ಮಗುವಿಗೆ ಈ ದಾರಿ ಅರ್ಧ ಸವೆದಿರುತ್ತದೆ. ಇಂಗ್ಲಿಷ್ ಬೇಗ ಬರಲಿ ಎಂಬ ಆಸೆಯಿಂದ ಕನ್ನಡವನ್ನು ಬದಿಗೆ ಸರಿಸುವ ತಂದೆ ತಾಯಂದಿರು ತಮ್ಮ ಆಸೆಗೆ ತಾವೇ ಅಡ್ಡ ಬರುತ್ತಿದ್ದಾರೆ ಎಂದು ನನಗೆ ಅನ್ನಿಸುವುದು ಈ ಕಾರಣಕ್ಕೆ. ದನಿಗಳನ್ನು ಬಿಡಿಸುವ, ಕೂಡಿಸುವ ಅಭ್ಯಾಸ ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯಲ್ಲೇ ಮೊದಲು ಆಗಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ಮಕ್ಕಳಿಗೆ ಅಕ್ಷರ ಹತ್ತುವುದಿಲ್ಲ. ಅಂಥ ಮಗುವನ್ನು ದಡ್ಡ ಎನ್ನುವ ಮೊದಲು ಕಿವಿ ಸರಿಯಾಗಿ ಕೇಳಿಸುತ್ತದೆಯೇ, ಕಣ್ಣು ಕಾಣಿಸುತ್ತದೆಯೇ ಎಂದು ನೋಡಬೇಕು; ಕಲಿಕೆಯ ನಿರ್ದಿಷ್ಟ ತೊಂದರೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೇ ಗುರುತಿಸಿದೆ, ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಪರಿಣತರಿದ್ದಾರೆ.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಆರಂಭಿಸಿದ ನಿಪುಣ್ ಭಾರತ್ ಯೋಜನೆ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥಮಾಡಿಕೊಂಡು ಓದಬೇಕೆಂಬ ಗುರಿ ಇಟ್ಟುಕೊಂಡಿದೆ. 2021ರಲ್ಲೇ ಬಂದ ‘ವಿದ್ಯಾಪ್ರವೇಶ’ ಕಾರ್ಯಕ್ರಮ ಒಂದನೇ ತರಗತಿಯ ಮೊದಲ 12 ವಾರಗಳನ್ನು ಆಟಕ್ಕೇ ಮೀಸಲಿಟ್ಟಿದೆ. ಆದರೆ ದನಿಯಾಟಕ್ಕೆ ಸರಿಯಾದ ವಯಸ್ಸು ಅದಕ್ಕೂ ಹಿಂದಿನದು, ಅಂದರೆ ಅಂಗನವಾಡಿಯದು. ರಾಜ್ಯದಲ್ಲಿ 60 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಅಲ್ಲಿನ ಕಾರ್ಯಕರ್ತೆಯರಿಗೆ ಹಾಡು, ಕಥೆ, ಆಟಗಳ ಸಂಪತ್ತು ನಮಗಿಂತ ಚೆನ್ನಾಗಿ ಗೊತ್ತಿದೆ. ಆದರೆ ತೂಕ, ಎತ್ತರ, ಆಹಾರದ ಲೆಕ್ಕಗಳನ್ನು ಮೊಬೈಲಿನ ಪೋಷಣ್ ಟ್ರ್ಯಾಕರ್‌ಗೆ ತುಂಬಿಸುವುದರಲ್ಲೇ ಅವರ ಬೆಳಗಿನ ಹೊತ್ತು ಕಳೆಯುತ್ತದೆ. ಈಚೆಗೆ ಖಾಸಗಿ ಎಲ್‌ಕೆಜಿಗಳ ಪೈಪೋಟಿಯಿಂದಾಗಿ ಅಂಗನವಾಡಿಯಲ್ಲೂ ಮೂರು ವರ್ಷದ ಮಗುವಿನ ಕೈಗೆ ಪೆನ್ಸಿಲು ಕೊಟ್ಟು ಸಾಲು ತುಂಬಿಸಬೇಕೆಂಬ ಬೇಡಿಕೆ ಪಾಲಕರಿಂದಲೇ ಬರುತ್ತಿದೆ. ಬೆರಳು ಇನ್ನೂ ಬಲಿಯದ ಆ ವಯಸ್ಸಿನಲ್ಲಿ ಬರೆಸುವುದರಿಂದ ಓದು ಹತ್ತಿರ ಬರುವುದಿಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಅಂಗನವಾಡಿ ತರಬೇತಿಯಲ್ಲಿ ದನಿಯಾಟಕ್ಕೆ ಒಂದು ನಿಶ್ಚಿತ ಜಾಗ ಕೊಟ್ಟು, ದಿನಕ್ಕೆ ಕಾಲು ಗಂಟೆ ಅದಕ್ಕೆಂದೇ ಬಿಟ್ಟುಕೊಡುವಂತೆ ಆದೇಶ ಹೊರಡಿಸಿದರೆ ಹೊಸ ಅನುದಾನವೂ ಬೇಕಾಗಲಾರದು.

ಪುಸ್ತಕಗಳ ವಿಷಯದಲ್ಲಿ ನಾವು ಮೊದಲಿನಷ್ಟು ಬಡವರಲ್ಲ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಬಾಗಿಲು ಮಕ್ಕಳಿಗೆ ಉಚಿತವಾಗಿ ತೆರೆದಿದೆ, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಮಕ್ಕಳ ಕಥೆಗಳು ಹಣವಿಲ್ಲದೆ ಸಿಗುತ್ತವೆ. ಆದರೆ ಗುಣಿತಾಕ್ಷರಗಳಷ್ಟೇ ಇರುವ, ಒತ್ತು ಇಲ್ಲದ ಅಥವಾ ಸಜಾತೀಯ ಒತ್ತು ಮಾತ್ರ ಇರುವ, ಆದರೂ ಕಥೆ ಸಪ್ಪೆಯಾಗದ ಪುಟ್ಟ ಪುಸ್ತಕಗಳ ಸಾಲು ಕನ್ನಡದಲ್ಲಿ ಇನ್ನೂ ಸಾಲದು. ದೊಡ್ಡವರಿಗೆ ಕಾದಂಬರಿ ಬರೆಯುವುದಕ್ಕಿಂತ ಇದು ಸುಲಭದ ಕೆಲಸವಲ್ಲ. ನಮ್ಮ ಲೇಖಕರು ಒಮ್ಮೆ ಕೈಹಾಕಿ ನೋಡಬಹುದು.

ಕೊನೆಯದಾಗಿ ಮೌಲ್ಯಮಾಪನ. ಈಗ ನಾವು ಮಗುವಿಗೆ ಪಠ್ಯಪುಸ್ತಕದ್ದೇ ಪದ, ಕಾರ್ಡಿನಲ್ಲಿದ್ದದ್ದೇ ವಾಕ್ಯ ಕೊಟ್ಟು ಓದಿಸಿ, ಮಗುವಿನ ಕಲಿಕೆ ದಾಖಲಿಸುವ ‘ಪ್ರಗತಿ ನೋಟ’ದಲ್ಲಿ ಗುರುತು ಹಾಕುತ್ತೇವೆ. ವರ್ಷವೆಲ್ಲ ಕೇಳಿ ಕೇಳಿ ಬಾಯಿಗೆ ಬಂದದ್ದನ್ನು ಮಗು ಹೇಳಿದರೆ ಅದನ್ನು ಓದು ಎಂದು ಬರೆದುಕೊಳ್ಳುತ್ತೇವೆ. ಮೂರನೇ ತರಗತಿಯಲ್ಲಿ ಹೊಸ ಪಾಠ ತೆರೆದಾಗ ಸತ್ಯ ಹೊರಬೀಳುತ್ತದೆ, ಆಗ ಹಿಂದಿನ ಶಿಕ್ಷಕರನ್ನು ದೂರುತ್ತೇವೆ. ಹುಸಿಪದಗಳ ಪರೀಕ್ಷೆಯನ್ನು ಇಂಗ್ಲೆಂಡಿನಿಂದ ಹಾಗೆಯೇ ತರಬೇಕೆಂದು ನಾನು ಹೇಳುವುದಿಲ್ಲ. ನಮ್ಮ ಮಕ್ಕಳಿಗೆ ಅದನ್ನು ತಮಾಷೆಯಾಗಿಯೇ ಕೊಡಬಹುದು. ಕಲಿತ ಅಕ್ಷರಗಳಿಂದಲೇ ಆದ, ಆದರೆ ತರಗತಿಯಲ್ಲಿ ಎಂದೂ ಬರೆದು ತೋರಿಸದ ಕೆಲವು ಪದಗಳು, ಅವುಗಳ ಜೊತೆಗೆ ‘ಮನೆಗಿನೆ’, ‘ಹಾಲುಗೀಲು’, ‘ಸರಗಿರ’ ಇಂಥ ಒಂದು ಸಾಲು. ನಗುತ್ತಲೇ ಮಗು ಅದನ್ನು ಓದಿದರೆ ದನಿ ಕೂಡಿಸಲು ಅದಕ್ಕೆ ಬಂದಿದೆ ಎಂದು ಖಾತ್ರಿಯಾಗುತ್ತದೆ, ಓದದಿದ್ದರೆ ಎಲ್ಲಿ ತಡೆಯಿತು ಎಂಬುದು ಶಿಕ್ಷಕರಿಗೆ ಅಲ್ಲೇ ತಿಳಿಯುತ್ತದೆ. ಶಾಲಾ ಶಿಕ್ಷಣ ಇಲಾಖೆಯು ಬರುವ ಶೈಕ್ಷಣಿಕ ವರ್ಷದ ನಲಿ-ಕಲಿ ತರಬೇತಿಗೆ ಮುನ್ನ ಪ್ರಗತಿ ನೋಟದಲ್ಲಿ ಇಂಥ ಒಂದು ಕಲಂ ಸೇರಿಸುವುದನ್ನು ಪರಿಶೀಲಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ತುಮಕೂರು ಜಿಲ್ಲೆ